ಗಿರಣಿ ಗೌರಮ್ಮನ ಸಾವು

ನನ್ನ ಗಂಡ ಶಾಂತಕುಮಾರ ಪುಸ್ತಕ ಓದುವುದಿಲ್ಲ. ಓದುವವಳು ನಾನು, ಊಟಕ್ಕೆ ಬಡಿಸುತ್ತ ಅದರ ಕತೆ ಹೇಳುವವಳೂ ನಾನು. ತಿಂಗಳ ಕೊನೆಯ ಭಾನುವಾರ ಕೊಂಡಾಪುರದ ನಮ್ಮ ಅಪಾರ್ಟ್‌ಮೆಂಟಿನ ಕನ್ನಡದವರೆಲ್ಲ ಕೂಡಿದಾಗ ಗಂಟಲು ಸರಿಮಾಡಿಕೊಂಡು ಅಭಿಪ್ರಾಯ ಹೇಳುವುದು ಮಾತ್ರ ಅವರು.

ಹೈದರಾಬಾದಿನಲ್ಲಿ ಕನ್ನಡ ಪುಸ್ತಕ ಸಿಗುವುದು ಅಷ್ಟಕ್ಕಷ್ಟೇ. ಕಲಬುರಗಿಗೆ ಹೋದವರು ಒಂದು ಪ್ರತಿ ತರುತ್ತಾರೆ, ಅದು ವಾರಕ್ಕೊಂದು ಮನೆ ತಿರುಗುತ್ತದೆ. ಎಲ್ಲರದೂ ಆದ ಮೇಲೆ ಸಭೆ. ಮೊದಲು ಗಂಡಸರ ಮಾತು. ಹೆಂಗಸರದು ಆಮೇಲೆ, ಚಹಾ ಕೊಟ್ಟಾದ ಮೇಲೆ.

ಹೋದ ತಿಂಗಳೂ ಇವರು ನನ್ನ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. ಎಲ್ಲರೂ ವಾಹ್ ವಾಹ್ ಎಂದರು. ನನ್ನ ಸರದಿ ಬಂದು ನಾನು ಬಾಯಿ ಬಿಟ್ಟರೆ, ಮಾದಾಪುರದ ಆಫೀಸಿನಲ್ಲಿ ಇವರ ಕೈಕೆಳಗಿರುವ ಪದ್ಮನಾಭ ಕಿಸಕ್ಕನೆ ನಕ್ಕ.

"ವೈನಿ, ಅದನ್ನ ಸರ್ ಆಗಲೇ ಹೇಳ್ಯಾರಲ್ರಿ. ನಿಮ್ಮದು ಏನರ ಹೇಳ್ರಿ."

ಮೈಯೆಲ್ಲ ಉರಿದುಹೋಯಿತು. ದಿನವಿಡೀ ತರಕಾರಿಯವನ ಹತ್ತಿರ ತೆಲುಗು, ವಾಚ್‌ಮನ್ ಹತ್ತಿರ ಹಿಂದಿ. ತಿಂಗಳಿಗೊಮ್ಮೆ ನನ್ನ ಭಾಷೆಯಲ್ಲಿ ನನ್ನ ಮನಸ್ಸಿನ ನಾಲ್ಕು ಮಾತು ಆಡೋಣವೆಂದರೆ ಅದೂ ಗಂಡನ ಹೆಸರಿಗೆ ಜಮಾ! ಮನೆಗೆ ಬಂದು ಜಗಳ ತೆಗೆದೆ.

"ಏ ಭಾಗ್ಯಶ್ರೀ, ಆಫೀಸಿನ್ಯಾಗ ಹೊಸಾ ಸಾಫ್ಟ್‌ವೇರ್ ರಿಲೀಸ್ ನಡದೈತಿ, ಓದಾಕ ಪುರುಸೊತ್ತು ಎಲ್ಲೈತಿ? ಗಂಡ ಹೆಂಡ್ತಿ ಅಂದ ಮ್ಯಾಲ ನಿಂದು ನಂದು ಬ್ಯಾರೆ ಐತೇನು?"

ಆಗಲಿ, ಮಾಡುತ್ತೇನೆ ತಾಳಿ ಅಂದುಕೊಂಡೆ.

ಈ ತಿಂಗಳ ಕಾದಂಬರಿ, ಹಿಟ್ಟಿನ ಗಿರಣಿ ನಡೆಸುವ ಗೌರಮ್ಮನದು. ಕೊನೆಗೆ ಗಿರಣಿ ಕಸಿಯಲು ಬಂದ ಮೈದುನನನ್ನು ಹೊರಗೆ ಹಾಕಿ, ತಾನೇ ಬೆಲ್ಟು ಏರಿಸಿ ಜೋಳ ಬೀಸುತ್ತಾಳೆ. ಓದಿ ಮುಗಿಸಿದಾಗ ನಾನು ಕುಣಿಯುವುದೊಂದು ಬಾಕಿ. ಗಂಡನಿಗೆ ಮಾತ್ರ ರೊಟ್ಟಿ ಬಡಿಸುತ್ತ, "ಪಾಪ, ಕಡೀಕ ಹಾವು ಕಡದು ಸತ್ತಳ್ರಿ" ಎಂದೆ.

ಭಾನುವಾರ ಇವರು ಎದ್ದು ನಿಂತು, "ಗೌರಮ್ಮನ ಸಾವು ಅಂದ್ರ ನಮ್ಮ ಸಮಾಜದ ಸಾವು" ಎಂದು ಶುರುಮಾಡಿ, ಹಾವು ಕಡಿದದ್ದನ್ನೂ ಬಣ್ಣಿಸಿದರು. ಈಗ ಎಲ್ಲರೂ ಗೊಳ್ಳೆಂದು ನಗುತ್ತಾರೆ ಎಂದು ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ಕಾದೆ.

"ಖರೇ ಸರ್, ಆ ಹಾವಿನ ಸೀನ್ ಓದಿ ನನಗ ನಿದ್ದಿನೇ ಬರಲಿಲ್ಲ" ಎಂದ ಪದ್ಮನಾಭ.

"ನಾ ಅಂತೂ ಅತ್ತೇಬಿಟ್ಟೆ" ಎಂದಳು ಅವನ ಹೆಂಡತಿ ವೇದವತಿ.

"ಸಾಯಿಸಬಾರದಾಗಿತ್ತು" ಎಂದು ಬ್ಯಾಂಕಿನ ಸೂರ್ಯನಾರಾಯಣರು ನಿಟ್ಟುಸಿರುಬಿಟ್ಟರು.

ಅಯ್ಯೋ ದೇವರೇ, ಇವರ್ಯಾರೂ ಓದಿಯೇ ಇಲ್ಲ! ಪುಸ್ತಕ ಇಷ್ಟು ದಿನ ಮನೆಮನೆ ತಿರುಗಿದ್ದು ಟೀಪಾಯಿ ಮೇಲೆ ಕೂತು ಬರಲಿಕ್ಕೆ. ಗಂಡನ ಮರ್ಯಾದೆ ತೆಗೆಯಲು ಹೊಂಚು ಹಾಕಿದ್ದವಳಿಗೆ ಅಳು ಉಕ್ಕಿ ಬಂತು. ಗೌರಮ್ಮನ ಬಗ್ಗೆ ಮಾತಾಡಲು ಇಷ್ಟು ದೊಡ್ಡ ಊರಿನಲ್ಲಿ ನನಗೆ ಒಬ್ಬರೂ ಇರಲಿಲ್ಲ.

ತಟ್ಟೆಯನ್ನು ಕುಕ್ಕಿದೆ. "ಗೌರಮ್ಮ ಸತ್ತಿಲ್ರಿ! ಮೈದುನನ್ನ ಹೊರಗ ಹಾಕಿ ಗಿರಣಿ ಚಾಲೂ ಮಾಡ್ತಾಳ. ಪುಸ್ತಕ ಇಲ್ಲೇ ಐತಿ, ಕಡೀ ಪುಟ ತಗದು ನೋಡ್ರಿ!"

ಯಾರೂ ಕೈ ಚಾಚಲಿಲ್ಲ. ನನ್ನ ಗಂಡ ಚಹಾದ ಕಪ್ಪು ಎತ್ತಿಕೊಂಡರು. ಕಡೆಗೆ ಸೂರ್ಯನಾರಾಯಣರೇ ದೊಡ್ಡ ಮನಸ್ಸು ಮಾಡಿ ನಕ್ಕರು.

"ಇರ್ಲಿ ಬಿಡವಾ, ಅದು ನಿನ್ನ ಅಭಿಪ್ರಾಯ."