ಕೆಂಪು ಶಾಯಿಯ ಷರಾ

ದಾನಪ್ಪನವರು ಚರ್ಚಿನ ಸಭೆಯ ಪುಸ್ತಕವನ್ನು ಕಪಾಟಿನಿಂದ ಆಗಲೇ ತೆಗೆದಿಟ್ಟಿದ್ದರು. ಅದನ್ನು ನೋಡಿ ವಿನೋದಿನಿ ಬಾಗಿಲಲ್ಲೇ ನಿಂತಳು.

"ಬರ್ರಿ ಬೀಗತ್ಯಾರ. ಅಯ್ಯನವರು ಘಾಟ್ಕೋಪರಕ್ಕ ಹೋಗ್ಯಾರ, ಯಾರಿಗೋ ಆರಾಮಿಲ್ಲಂತ. ಪ್ರಕಟಣೆ ಚೀಟಿ ನೀವ ಬರದಿಡ್ರಿ ಅಂತ ಕೀಲಿ ಕೊಟ್ಟು ಹೋದ್ರು."

ನಾಳೆಯ ಆರಾಧನೆಯಲ್ಲಿ ಅವಳ ಮಗಳು ವಾರಿಜಾ ಮತ್ತು ದಾನಪ್ಪನವರ ಮಗನ ಮದುವೆಯ ಪ್ರಕಟಣೆ ಓದಬೇಕು. ಹುಡುಗಿಯ ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ ಎಲ್ಲ ಪುಸ್ತಕದಿಂದಲೇ ಇಳಿಸುವುದು ವಾಡಿಕೆ. ಆ ಪುಸ್ತಕವನ್ನು ಬೋಧಕರಾದ ಅಯ್ಯನವರಲ್ಲದೆ ಯಾರೂ ಮುಟ್ಟುವುದಿಲ್ಲ ಎಂಬ ಧೈರ್ಯದಲ್ಲೇ ಅವಳು ಈ ಸಭೆಯಲ್ಲಿ ಎಂಟು ವರ್ಷ ಕಳೆದಿದ್ದಳು. ಆದರೂ ಬೆಳಿಗ್ಗೆ ಮನಸ್ಸು ತಡೆಯದೆ ದಾದರಿನಿಂದ ಟ್ರಾಮ್ ಹತ್ತಿ ಬಂದಿದ್ದಳು.

"ತಾರೀಕೆಲ್ಲ ನಾನೇ ಬರ್ಕೊಂಡು ಬಂದಿದ್ದೇನೆ. ನಿಮಗೆ ಪುಸ್ತಕದ ಉಪದ್ರ ಬೇಡ ಅಂತ." ಅವಳು ಒಳಗೆ ಬಂದು ಕಾಗದ ಚಾಚಿದಳು.

"ಲಗ್ನಾ ಆಗೂದ್ರಾಗ ಬೀಗರ ಮ್ಯಾಲ ನಂಬಿಗಿ ಹೋತೇನು?" ದಾನಪ್ಪನವರು ನಕ್ಕು ಪುಟ ತಿರುವಿದರು.

ಹೋದ ವರ್ಷ ಚಾಳಿನ ಗಣಪತಿಗೆ ಕಾಯಿ ಒಡೆಸಿದ ಗುಮಾಸ್ತನೊಬ್ಬನನ್ನು ಮೂರು ತಿಂಗಳು ಕರ್ತನ ಭೋಜನದಿಂದ ಹೊರಗಿಡಿಸಿದ ಹಿರಿಯರು ಇವರೇ. ಅವರ ಬೆರಳು ಹೆಸರುಗಳ ಮೇಲೆ ಇಳಿಯುತ್ತ ಬಂದು ಒಂದು ಕಡೆ ನಿಂತಿತು. ಅವಳು ಮೊದಲಿದ್ದ ಮುಲ್ಕಿಯ ಸಭೆಯಿಂದ ಮುಚ್ಚಿದ ಲಕೋಟೆಯಲ್ಲಿ ಬಂದದ್ದನ್ನು ಹಿಂದಿನ ಬೋಧಕರು ಷರಾದಲ್ಲಿ ಕೆಂಪು ಶಾಯಿಯಿಂದ ಬರೆದಿದ್ದರು. ಅಲ್ಲೇನಿದೆ ಎಂದು ವಿನೋದಿನಿಗೆ ಓದದೆಯೂ ಗೊತ್ತು. ಎರಡು ವರ್ಷದ ಮಗುವಿಗೆ ಜ್ವರ ಇಳಿಯದಾಗ ತಾಯಿ ಭೂತಸ್ಥಾನಕ್ಕೆ ಹರಕೆ ಹೇಳಿಕೊಂಡದ್ದು, ಆರು ತಿಂಗಳ ಶಿಕ್ಷೆ, ಹರಕೆ ಸಲ್ಲಿಸಿಲ್ಲವೆಂಬ ಹೇಳಿಕೆ, ಕ್ಷಮೆ.

ದಾನಪ್ಪನವರು ಅದನ್ನು ಎರಡು ಸಲ ಓದಿದರು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದು ಕೂತರು. ಸಂಬಂಧ ಬೇಡವೆಂದರೆ ವಾರಿಜಾಳಿಗೆ ಏನೆಂದು ಹೇಳುವುದು? ವಿನೋದಿನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿದಳು.

"ಆ ಕೂಸು ಈಕಿನ ಏನ್ರಿ?"

"ಹೌದು."

"ಹರಕಿ ತೀರ್ಸಿಲ್ಲಂತ ಬರದೈತಿ." ಅವರ ದನಿ ಇಳಿದಿತ್ತು. "ಖರೇನ ತೀರ್ಸಿಲ್ಲೇನು?"

ಅವಳು ತಲೆ ಎತ್ತಿ ನೋಡಿದಳು. ಅವರು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.

"ನಮಗ ಅಂವ ಒಬ್ಬನ ಮಗಾ ರೀ. ಅದಕ್ಕ ಕೇಳಿದೆ."

ತೀರಿಸಿದ್ದೇನೆಂದರೆ ಅಂದು ಸಭೆಯ ಮುಂದೆ ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡಂತೆ. ತೀರಿಸಿಲ್ಲವೆಂದರೆ ಆ ಹರಕೆ ಮಗಳ ಹಿಂದೆಯೇ ಅವರ ಮನೆ ಹೊಕ್ಕಂತೆ. ಗಂಡನಿಗೂ ಹೇಳದೆ ಹದಿನೆಂಟು ವರ್ಷ ಇಟ್ಟುಕೊಂಡ ಮಾತು ಅವಳ ಗಂಟಲಿಗೆ ಬಂತು.

"ತೀರಿಸಿದ್ದೇನೆ. ನೆರೆಮನೆಯ ಸೇವಂತಿಯ ಕೈಯಲ್ಲಿ ಕಳಿಸಿದೆ. ಒಂದು ಹುಂಜ."

ದಾನಪ್ಪನವರು ಕುರ್ಚಿಗೆ ಒರಗಿದರು. ಆಮೇಲೆ ಲೇಖನಿಯನ್ನು ದೌತಿಯಲ್ಲಿ ಅದ್ದಿ, ಚೀಟಿಯ ಮೇಲೆ ಕುಮಾರಿ ವಾರಿಜಾ ಎಂದು ದುಂಡಗೆ ಬರೆದು, ಬ್ಲಾಟಿಂಗ್ ಪೇಪರು ಇಟ್ಟು ಅಂಗೈಯಿಂದ ಒತ್ತಿದರು. ಶಾಯಿ ಆರಿದ ಮೇಲೂ ಕೈ ತೆಗೆಯಲಿಲ್ಲ.