ಮೋರಿ ಮೇಲಿನ ಚಪ್ಪಡಿ

ಹುಚ್ಚಯ್ಯನವರಿಗೆ ಅನುಮಾನ ಅನ್ನೋದು ಹುಟ್ಟುಗುಣವಲ್ಲ, ಸಂಬಳ ಕೊಟ್ಟು ಕಲಿಸಿದ್ದು. ಕಲ್ಯಾಣ ಮಂಟಪವೊಂದರ ಗೇಟಿನಲ್ಲಿ ಬಹಳ ಕಾಲ ಕಾವಲಿದ್ದು, ಕರೆಯದೆ ಊಟಕ್ಕೆ ನುಗ್ಗುವವರನ್ನು ನಡಿಗೆ ನೋಡಿಯೇ ಹಿಡಿಯುತ್ತಿದ್ದ ಮನುಷ್ಯ. ಕೆಲಸ ಬಿಟ್ಟರೂ ಆ ಚಾಳಿ ಬಿಡಲಿಲ್ಲ. ಕೆಸರೆಯ ಅವರ ಬೀದಿಗೆ ಸಿಲಿಂಡರ್ ಹುಡುಗ ಬದಲಾಗಿ ಬಂದರೂ ಹಿಂದೆ ಮುಂದೆ ವಿಚಾರಿಸಬೇಕು. ಅಂಥವರ ಕಣ್ಣೆದುರಿಗೇ ಒಂದು ಬೆಳಿಗ್ಗೆ ಮಕ್ಕಳ ದಂಡು ಟೇಪು ಹಿಡಿದು ಬೀದಿ ಅಳೆಯಲು ಬಂತು ನೋಡಿ.

ಮಕ್ಕಳೇನೋ ಗೊತ್ತಿದ್ದವೇ. ತಿರುವಿನ ಪುಟ್ಟ ಪ್ರೈಮರಿ ಸ್ಕೂಲಿನ ಮೂರನೇ ಕ್ಲಾಸು. ಮೊಮ್ಮಗಳು ಸಂಘಮಿತ್ರಳೂ ಆ ಗುಂಪಿನಲ್ಲಿದ್ದಳು. ಜೊತೆಗಿದ್ದ ಹೊಸ ಟೀಚರು ಶರಣ್ಯಾ ಮಿಸ್ ಮೇಲೆ ಮಾತ್ರ ಅವರಿಗೆ ಮೊದಲಿಂದಲೂ ನಂಬಿಕೆಯಿಲ್ಲ. ಈ ಮಿಸ್ ಬಂದಾಗಿನಿಂದ ಪಾಠ ಗೋಡೆಯೊಳಗೆ ನಿಂತದ್ದೇ ಇಲ್ಲ. ಒಂದು ವಾರ ಕೆರೆ ಏರಿಯ ಮೇಲೆ ಹಕ್ಕಿ ನೋಡುವುದು, ಇನ್ನೊಂದು ವಾರ ಮಾರ್ಕೆಟ್ಟಿನಲ್ಲಿ ಸೊಪ್ಪಿನ ಹೆಸರು ಕಲಿಯುವುದು. ಈಗ ‘ನಮ್ಮ ಬೀದಿಯ ನಕ್ಷೆ’ ಎಂಬ ಪ್ರಾಜೆಕ್ಟಂತೆ. ಒಬ್ಬ ಟೇಪಿನ ತುದಿ ಹಿಡಿಯುತ್ತಾನೆ, ಇನ್ನೊಬ್ಬಳು ಅಡಿ ಕೂಗುತ್ತಾಳೆ, ಉಳಿದವರು ಬರೆದುಕೊಳ್ಳುತ್ತಾರೆ. ಅಳೆದು ಮುಗಿಸಿದ ಮನೆಯ ಗೋಡೆಗೆ ಕೆಂಪು ಸೀಮೆಸುಣ್ಣದಲ್ಲಿ ಒಂದು ನಂಬರು.

ಆ ಕೆಂಪು ಕಂಡದ್ದೇ ತಡ, ಹುಚ್ಚಯ್ಯನವರ ಎದೆ ಧಸಕ್ಕೆಂದಿತು. ಹೋದ ವರ್ಷ ಹಿಂದಿನ ಬೀದಿಗೂ ಹೀಗೇ ಟೇಪು ಬಂದಿತ್ತು, ಹೀಗೇ ಕೆಂಪು ಗುರುತು ಬಿದ್ದಿತ್ತು. ಆಮೇಲೆ ಬಂದದ್ದು ಜೆಸಿಬಿ. ಮೋರಿ ದಾಟಿ ಈಚೆ ಚಾಚಿದ್ದ ಮೆಟ್ಟಿಲು, ಜಗಲಿ, ಶೀಟು ಎಲ್ಲ ಮಧ್ಯಾಹ್ನದೊಳಗೆ ಪುಡಿಪುಡಿ. ಇವರ ಮನೆ ಮುಂದೆಯೂ ಮೋರಿಯ ಮೇಲೆ ಅಗಲವಾದ ಕಲ್ಲು ಚಪ್ಪಡಿ ಇದೆ. ಹೆಂಡತಿ ಪುಟ್ಟಲಿಂಗಮ್ಮ ಬೆಳಿಗ್ಗೆ ಇಡ್ಲಿ ಬೇಯಿಸಿ ಮಾರುವುದು ಅದರ ಮೇಲೆಯೇ. ಮನೆಯ ಒಳಗಿರುವುದು ಒಂದೂವರೆ ಕೋಣೆ, ಅಲ್ಲಿ ಒಲೆ ಹೂಡಿದರೆ ಮಲಗುವವರು ಎದ್ದು ನಿಲ್ಲಬೇಕು. ಚಪ್ಪಡಿ ಹೋಯಿತೆಂದರೆ ವ್ಯಾಪಾರವೂ ಹೋಯಿತು, ಸಂಸಾರದ ಅರ್ಧ ಅನ್ನವೂ ಹೋಯಿತು.

ಉರಿಯುವುದಕ್ಕೆ ತುಪ್ಪ ಸುರಿಯಲು ಪಕ್ಕದ ಮನೆಯ ಏಕಾಂತಯ್ಯ ಇದ್ದೇ ಇದ್ದರು.

“ದೊಡ್ಡವ್ರು ಅಳೆಯಕ್ಕೆ ಬಂದ್ರೆ ಜನ ಜಗಳಕ್ಕೆ ಬೀಳ್ತಾರೆ ಅಂತ ಮಕ್ಕಳನ್ನ ಬುಟ್ಟವ್ರೆ ಕಣಯ್ಯ. ಮಕ್ಕಳ ಮೇಲೆ ಯಾರು ಕೂಗಾಡ್ತಾರೆ ಹೇಳು,” ಎಂದರು.

ಹೌದಲ್ಲ! ಹುಚ್ಚಯ್ಯನವರು ನೇರ ಮಿಸ್ ಹತ್ತಿರ ಹೋಗಿ, ಈ ಲೆಕ್ಕ ಯಾರ ಕೈಗೆ ಸೇರುತ್ತದೆ ಎಂದು ಕೇಳಿದರು. ಶನಿವಾರ ಸ್ಕೂಲಿನಲ್ಲಿ ಪ್ರದರ್ಶನ, ನೀವೂ ಬರಬೇಕು, ವಾರ್ಡಿನ ಇಂಜಿನಿಯರ್ ಸಾಹೇಬರನ್ನೂ ಕರೆದಿದ್ದೇವೆ, ಮಕ್ಕಳ ಕೆಲಸ ನೋಡಿ ಅವರಿಗೂ ಖುಷಿಯಾಗುತ್ತದೆ ಎಂದು ಆಕೆ ನಗುನಗುತ್ತಲೇ ಹೇಳಿದರು. ಇಂಜಿನಿಯರ್! ಇನ್ನೇನು ಬೇಕು ಸಾಕ್ಷಿ? ಆ ನಗುವಿನಲ್ಲೇ ಜೆಸಿಬಿಯ ಹಲ್ಲು ಕಂಡಂತಾಯಿತು ಅವರಿಗೆ.

ಟೇಪು ಅವರ ಮನೆ ಮುಂದೆ ಬಂದಾಗ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. ಅಳೆಯುವುದು ಬೇಡ, ಬರೆಯುವುದೂ ಬೇಡ. ಯಾವನೋ ಚುರುಕು ಹುಡುಗ ಮೊದಲೇ ಗೋಡೆಗೆ ನಂಬರು ಗೀಚಿದ್ದ. ಅದನ್ನು ಒದ್ದೆ ಗೋಣಿಚೀಲದಿಂದ ಗಾರೆ ಕಿತ್ತುಬರುವ ಹಾಗೆ ಉಜ್ಜಿದರು. ಸಂಜೆ ಮೊಮ್ಮಗಳನ್ನು ಕೂರಿಸಿಕೊಂಡು ಸ್ಕೂಲಿನಲ್ಲಿ ಯಾರು ಕೇಳಿದರೂ ನಮ್ಮ ಮನೆಯ ಮಾತೇ ಎತ್ತಕೂಡದು ಎಂದು ಆಣೆ ಹಾಕಿಸಿಕೊಂಡರು. ಮಗು ತಲೆಯಾಡಿಸಿತು. ಪುಟ್ಟಲಿಂಗಮ್ಮನಿಗೆ ಮಾತ್ರ ಮೈಯೆಲ್ಲ ಉರಿಯಿತು. ಮಗೀನ ಪಾಠಕ್ಕೂ ಅಡ್ಡಗಾಲು ಹಾಕ್ತೀರಲ್ಲ, ನಿಮ್ಮ ಅನುಮಾನಕ್ಕಿಷ್ಟು ಬೆಂಕಿ ಬೀಳ ಎಂದು ಬೈದುಕೊಂಡೇ ಅಕ್ಕಿ ನೆನೆಹಾಕಿದರು.

ಶನಿವಾರ ಹುಚ್ಚಯ್ಯನವರು ಪ್ರದರ್ಶನಕ್ಕೆ ಹೋದದ್ದು ನಕ್ಷೆ ನೋಡಲಲ್ಲ, ಸಾಹೇಬರ ಮೇಲೆ ಕಣ್ಣಿಡಲು. ಏಕಾಂತಯ್ಯನೂ ಜೊತೆಗೆ ಬಂದರು. ಕ್ಲಾಸಿನ ಗೋಡೆಯ ಉದ್ದಕ್ಕೂ ಬೀದಿ ಹರಡಿಕೊಂಡಿತ್ತು. ನೀಲಿ ಗೆರೆ ಮೋರಿ, ಹಸಿರು ಚುಕ್ಕೆ ಹೊಂಗೆ ಮರ. ಪ್ರತಿ ಮಗುವಿನ ಪಾಸ್‌ಪೋರ್ಟ್ ಸೈಜಿನ ಫೋಟೊ ಅದರದರ ಮನೆಯ ಬಾಗಿಲಲ್ಲಿ ಅಂಟಿಕೊಂಡಿತ್ತು. ಏಕಾಂತಯ್ಯನ ಮನೆ ಸಭ್ಯವಾಗಿ ಮೋರಿಯ ಆಚೆಗೇ ನಿಂತಿತ್ತು. ಮೋರಿ ದಾಟಿದ ಮೆಟ್ಟಿಲನ್ನು ಅಳೆಯಲು ಅವರು ಬಿಟ್ಟಿರಲಿಲ್ಲ. ಅದರ ಪಕ್ಕ, ಹುಚ್ಚಯ್ಯನವರ ಮನೆ ಇರಬೇಕಾದ ಕಡೆ, ಬರೀ ಬಿಳಿ ಹಾಳೆ. ಅಳೆಯದ್ದನ್ನು ಬರೆಯಬಾರದು ಎಂಬುದು ಮಿಸ್ ಮಾಡಿದ್ದ ನಿಯಮ.

ಸಾಹೇಬರು ಒಂದೊಂದೇ ಮನೆ ನೋಡುತ್ತಾ ಬಂದು ಅಲ್ಲಿ ನಿಂತರು. ಒಂದು ಫೋಟೊ ರಸ್ತೆಯ ನಟ್ಟನಡುವೆ ಅಂಟಿಕೊಂಡಿತ್ತು.

“ಇದು ನೀನಲ್ವೇನಮ್ಮ? ಯಾಕೆ ರೋಡಲ್ಲಿ ನಿಂತಿದ್ದೀಯ?”

ಸಂಘಮಿತ್ರ ಒಮ್ಮೆ ತಾತನ ಕಡೆ ನೋಡಿದಳು. “ನಮಗೆ ಮನೆ ಇಲ್ಲ ಸಾರ್,” ಎಂದಳು.

ಹಿಂದಿದ್ದ ಮಕ್ಕಳು ಕಿಸಕ್ಕೆಂದರು. ಅವಳು ನಗಲೂ ಇಲ್ಲ, ಅಳಲೂ ಇಲ್ಲ. ತಾತನಿಗೆ ಕೊಟ್ಟ ಮಾತು ಉಳಿಸಿಕೊಂಡೆ ಎಂಬಂತೆ ಗಟ್ಟಿಯಾಗಿ ನಿಂತಿದ್ದಳು. ಜೆಸಿಬಿ ಬರುವ ಮೊದಲೇ ಈ ಮಗುವನ್ನು ಬೀದಿಗೆ ನಿಲ್ಲಿಸಿದವನು ನಾನೇ ಅಲ್ಲವೇ ಎನಿಸಿ ಹುಚ್ಚಯ್ಯನವರಿಗೆ ನಾಚಿಕೆಯಾಯಿತು.

“ಐತೆ ಸ್ವಾಮಿ, ನಮ್ಗೂ ಮನೆ ಐತೆ,” ಎಂದು ಮುಂದೆ ಬಂದರು. “ಬರಿ ಮಗ. ಅಳತೆ ನಾನು ಹೇಳ್ತೀನಿ.”

ಶರಣ್ಯಾ ಮಿಸ್ ಒಂದು ಪೆನ್ಸಿಲ್ ಕೊಟ್ಟರು. ಗೋಡೆ ಬಂತು, ಬಾಗಿಲು ಬಂತು, ಸಣ್ಣ ಕಿಟಕಿಯೂ ಬಂತು. ನೀಲಿ ಗೆರೆಯ ಹತ್ತಿರ ಬಂದಾಗ ಪೆನ್ಸಿಲ್ ನಿಂತಿತು.

“ಎಲ್ಲಿವರೆಗೂ ಬರೀಲಿ ತಾತ?”

ಏಕಾಂತಯ್ಯ ಹಿಂದಿನಿಂದ ಅಂಗಿ ಜಗ್ಗಿ, ಮೋರಿಗೇ ನಿಲ್ಲಿಸು ಎಂದು ಪಿಸುಗುಟ್ಟಿದರು. ಸಾಹೇಬರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಹುಚ್ಚಯ್ಯನವರು ಮೊಮ್ಮಗಳ ಕೈಯಲ್ಲಿದ್ದ ಪೆನ್ಸಿಲನ್ನೇ ನೋಡಿದರು. ಇಲ್ಲಿಗೇ ನಿಲ್ಲಿಸು ಅಂದರೆ ಮಗು ನಿಲ್ಲಿಸುತ್ತದೆ, ಹೇಳಿಕೊಟ್ಟ ಸುಳ್ಳನ್ನು ಇನ್ನೊಮ್ಮೆ ನಿಷ್ಠೆಯಿಂದ ಒಪ್ಪಿಸುತ್ತದೆ.

“ಅಜ್ಜಿ ಇಡ್ಲಿ ಬೇಯ್ಸೋ ಜಾಗದವರೆಗೂ ಬರಿ,” ಎಂದರು.

“ಮೋರಿ ಮೇಲೂನಾ?”

“ಮೋರಿ ಮೇಲೂ. ಚಪ್ಪಡಿ ಹಾಕ್ಸಿದ್ದು ನಾನೇ ಸ್ವಾಮಿ, ಮಗೀಗೇನೂ ಗೊತ್ತಿಲ್ಲ.”

ಪೆನ್ಸಿಲ್ ನೀಲಿ ಗೆರೆ ದಾಟಿತು. ಸಾಹೇಬರು ಜೇಬಿನಿಂದ ಫೋನು ತೆಗೆದು ಆ ಜಾಗವನ್ನೇ ಹತ್ತಿರದಿಂದ ಫೋಟೊ ಹೊಡೆದುಕೊಂಡು ಮುಂದಿನ ಮನೆಗೆ ಸರಿದರು. ಯಾತಕ್ಕೆ ಹೊಡೆದುಕೊಂಡರೋ, ಯಾರಿಗೆ ತೋರಿಸುತ್ತಾರೋ.

ಸಂಘಮಿತ್ರ ರಸ್ತೆಯ ಮೇಲಿದ್ದ ತನ್ನ ಫೋಟೊವನ್ನು ಉಗುರಿನಿಂದ ಎಬ್ಬಿಸುತ್ತಿದ್ದಳು. ಗೋಂದು ಒಣಗಿ ಒಂದು ಮೂಲೆ ಹರಿಯಿತು. ಹರಿದದ್ದಕ್ಕೇ ಹೊಸ ಗೋಂದು ಸವರಿ ಚಪ್ಪಡಿಯ ಮೇಲಿಟ್ಟು, ಅಂಟುವವರೆಗೂ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದಳು.