ಗಿಡ್ಡ ರಾಣಿಯ ಮೂರು ಮೆಟ್ಟಿಲು

ಎಲ್ಲಿಂದ ಶುರು ಮಾಡಲಿ? ಟೂರ್ ಬಸ್ಸಿಗೆ ಈ ತಾಪತ್ರಯವಿಲ್ಲ. ಬೆಳಿಗ್ಗೆ ಅರಮನೆಯ ಊರು, ಮಧ್ಯಾಹ್ನ ಬಂದರಿನ ಊರು, ಸಂಜೆ ಅಲ್ಲಿನ ದೀಪಸ್ತಂಭದ ತುದಿಗೆ ಜನರನ್ನು ಹತ್ತಿಸಿ ವಾಪಸ್ಸು. ಸೀಮೆಯ ಎರಡು ದೊಡ್ಡ ಊರುಗಳು ಒಂದೇ ಟಿಕೆಟ್ಟಿನಲ್ಲಿ.

ಬಂದರಿನಿಂದ ಶುರು ಮಾಡಿದೆ: "ಸೂರ್ಯ ಸಮುದ್ರದಲ್ಲಿ ಮುಳುಗುತ್ತಿದ್ದ..." (ಥೂ, ಕ್ಯಾಲೆಂಡರ್ ಚಿತ್ರ. ಹರಿದು ಹಾಕಿದೆ.)

೧

ಗೈಡ್ ಈಗ ರಿಟೈರ್ ಆಗಿದ್ದಾನೆ. ಮೂವತ್ತೊಂದು ವರ್ಷ ಆ ಬಸ್ಸಿನಲ್ಲಿ ಮೈಕ್ ಹಿಡಿದು ಜನರ ಕಡೆ ಮುಖ ಮಾಡಿ ನಿಂತವನು. ಮುಂದೆ ಬರುವ ರಸ್ತೆಯನ್ನು ಅವನು ಕಂಡದ್ದೇ ಕಡಿಮೆ. ಹಿಂದಿನ ಗಾಜಿನಲ್ಲಿ ದಾಟಿಹೋದ ರಸ್ತೆ ಮಾತ್ರ ಅವನಿಗೆ ಬಾಯಿಪಾಠ.

ಕೆಲಸಕ್ಕೆ ಸೇರಿದ ಹೊಸತು. ಅರಮನೆಯ ಒಳ ಅಂಗಳದಲ್ಲಿ ಮೂರು ಕಲ್ಲಿನ ಮೆಟ್ಟಿಲುಗಳಿವೆ, ಮೇಲೆ ಬಾಗಿಲೂ ಇಲ್ಲ, ಗೋಡೆಯೂ ಇಲ್ಲ. ಆಫೀಸಿನವರ ಜೊತೆ ಬಂದಿದ್ದ ಒಬ್ಬ ಟೈಪಿಸ್ಟ್ ಹುಡುಗಿ ಕೇಳಿದಳು: "ಇದು ಎಲ್ಲಿಗೆ ಹೋಗುತ್ತೆ?"

ಅವನಿಗೆ ಗೊತ್ತಿರಲಿಲ್ಲ. ಹುಡುಗಿಯನ್ನು ನೋಡಿದ. ತೀರಾ ಗಿಡ್ಡ. ಬಾಯಿ ತಾನಾಗಿಯೇ ಓಡಿತು: "ರಾಜ ಉದ್ದ, ರಾಣಿ ಗಿಡ್ಡ. ಜಗಳ ಬಂದಾಗ ರಾಣಿ ಇದನ್ನ ಹತ್ತಿ, ರಾಜನ ಕಣ್ಣಲ್ಲಿ ಕಣ್ಣಿಟ್ಟು ಬೈತಿದ್ರಂತೆ."

(ಮೂರು ಮೆಟ್ಟಿಲು! ರಾಜ ತೆಂಗಿನಮರವೇ ಇರಬೇಕು. ಯಾರೂ ಲೆಕ್ಕ ಹಾಕಲಿಲ್ಲ.)

ಎಲ್ಲರೂ ನಕ್ಕರು, ಅವಳೂ ನಕ್ಕಳು. ಸಂಜೆ ದೀಪಸ್ತಂಭದೊಳಗೆ ಅವನಿಗಿಂತ ಎರಡು ಮೆಟ್ಟಿಲು ಮೇಲೆ ಹೋಗಿ ತಿರುಗಿ ನಿಂತಳು. "ಈಗ ಹೇಳಿ, ನಿಮ್ಮನೇಲಿ ಯಾರ್ಯಾರಿದ್ದೀರಿ?"

ಮರುವರ್ಷ ಮದುವೆ.

೨

ಸುಳ್ಳಿಗೆ ಕಾಲು ಬಂತು. ಮಿಕ್ಕ ಗೈಡುಗಳು ಹೇಳಿದರು, ಪುಸ್ತಕದಲ್ಲಿ ಅಚ್ಚಾಯಿತು, ಕೊನೆಗೆ ಅರಮನೆಯವರೇ ಬೋರ್ಡ್ ಹಾಕಿದರು: "ಜಗಳದ ಮೆಟ್ಟಿಲು". ಹೊಸ ಜೋಡಿಗಳು ಅಲ್ಲಿ ಸಾಲುಗಟ್ಟಿ ಫೋಟೋ ತೆಗೆಸಿಕೊಳ್ಳುತ್ತಾರೆ. ಗೈಡಿನ ಮನೆಯಲ್ಲಿ ಜಗಳವಾದರೆ ಹೆಂಡತಿ ಅಡುಗೆಮನೆಯ ಸ್ಟೂಲ್ ಹತ್ತಿ ಬೈಯುತ್ತಿದ್ದಳು. ಮಗಳಿಗೆ ಜಡೆ ಹಾಕುತ್ತ ರಾಣಿಯ ಕಥೆ ಹೇಳುತ್ತಿದ್ದಳು. ಅವಳು ತೀರಿಹೋಗಿ ಎರಡು ವರ್ಷವಾಯಿತು.

(ಅವಳು ಹೋದ ದಿನದ ಬಗ್ಗೆ ಒಂದು ಪುಟ ಬರೆದಿದ್ದೆ. ಗೈಡ್ ಓದಿ, ಮಡಿಸಿ ಜೇಬಿಗೆ ಹಾಕಿಕೊಂಡ. ವಾಪಸ್ ಕೇಳಲು ನನಗೆ ಧೈರ್ಯವಾಗಲಿಲ್ಲ.)

೩

ಮಗಳು ಈಗ ಅದೇ ಅರಮನೆಯಲ್ಲಿ ಅಧಿಕಾರಿ. ಎಲ್ಲ ಬೋರ್ಡುಗಳನ್ನೂ ಹೊಸದಾಗಿ ಬರೆಸುವುದು ಅವಳ ಮೊದಲ ಕೆಲಸ. ಪ್ರತಿಯೊಂದಕ್ಕೂ ಆಧಾರ ಬೇಕು, ಕೆಳಗೆ ಅವಳ ಹೆಸರು ಇರುತ್ತದೆ. ಬಂದರಿನ ಊರಿನ ಲೈಬ್ರರಿಯಲ್ಲಿ ಮೂರು ದಿನ ಧೂಳು ಕುಡಿದು ಬಂದು ಅಪ್ಪನ ಮುಂದೆ ಕೂತಳು.

"ಅಪ್ಪ, ಎಲ್ಲಾ ಪುಸ್ತಕಾನೂ ಇನ್ನೊಂದು ಪುಸ್ತಕದ ಕಡೆ ಕೈ ತೋರಿಸುತ್ತೆ. ತೀರಾ ಹಳೇದ್ರಲ್ಲಿ 'ಗೈಡುಗಳು ಹೇಳುವಂತೆ' ಅಂತಿದೆ. ಮೊದಲು ಹೇಳಿದ್ದು ಯಾರು? ನಿಂಗೆ ಗೊತ್ತಿರಬೇಕಲ್ಲ?"

ಅವನು ಕೆಮ್ಮಿದ. ನೀರು ತರುವ ನೆಪದಲ್ಲಿ ಎದ್ದು ನೇರ ಈ ಕಥೆ ಬರೆಯುತ್ತಿದ್ದ ನನ್ನ ಹತ್ತಿರ ಬಂದ.

೪

ಅಂತ್ಯ ಒಂದು: ಅವನು ಸುಮ್ಮನಿರುತ್ತಾನೆ. ಬೋರ್ಡ್ ಅಚ್ಚಾಗುತ್ತದೆ. ಯಾರೋ ಪಂಡಿತರು ಹುಳುಕು ಹಿಡಿದು ಮಗಳ ಮಾನ ಹರಾಜು ಹಾಕುತ್ತಾರೆ.

ಅಂತ್ಯ ಎರಡು: ನಿಜ ಹೇಳುತ್ತಾನೆ. ಬೋರ್ಡ್ ಕಿತ್ತು ಗೋಡೌನಿಗೆ ಹಾಕುತ್ತಾರೆ.

"ಬಾಯಿ ಮುಚ್ಚಿದ್ರೆ ಮಗಳಿಗೆ ಕುತ್ತು, ಬಾಯಿ ಬಿಟ್ಟರೆ ನನ್ನವಳ ಗುರುತು ಹೋಗುತ್ತೆ. ಆ ಊರಲ್ಲಿ ಅವಳದ್ದು ಅಂತ ಇರೋದು ಅದೊಂದೇ. ಮೂರನೇದು ಏನಾದ್ರೂ ಬರೀರಿ ಸ್ವಾಮಿ."

"ತಲೆ ಕೆರಕೊಂಡು ನೋಡಿದೆ. ಇಲ್ಲ."

"ಮತ್ತೆ ಕಥೆಗಾರ ಅಂತ ಯಾಕೆ ಹೇಳ್ಕೊಂಡು ತಿರುಗ್ತೀರಿ?"

(ಮನೆಯಲ್ಲೂ ಇದನ್ನೇ ಕೇಳುತ್ತಾರೆ.)

೫

ಹೇಳಿಬಿಟ್ಟ.

"ನಾನೇ ಕಣೇ ಪುಟ್ಟಿ. ನಿಮ್ಮಮ್ಮ ಕೇಳಿದ್ಲು, ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. ರಾಣಿನೂ ಇಲ್ಲ, ಜಗಳಾನೂ ಇಲ್ಲ."

ಮಗಳು ಕರಡಿನಲ್ಲಿ ಆ ಸಾಲನ್ನು ಹೊಡೆದು ಹಾಕಿದಳು. ಅದು ಅಧಿಕಾರಿಯ ಕೆಲಸ. ಆಮೇಲೆ ಪೆನ್ನು ಕೆಳಗಿಟ್ಟು ಮಗಳಾಗಿ ಕೇಳಿದಳು: "ಅಪ್ಪ, ಅದು ಸುಳ್ಳು ಅಂತ ಅಮ್ಮಂಗೆ ಗೊತ್ತಿತ್ತಾ?"

 ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವನು ಹೆಂಡತಿಯನ್ನು ಇದೊಂದನ್ನು ಕೇಳಿರಲಿಲ್ಲ. ಕೇಳೋಣವೆಂದರೆ ಈಗ ಅವಳಿಲ್ಲ.  ನನ್ನ ಕಡೆ ತಿರುಗಿದ.

"ಬರೆದೋರು ನೀವು, ನಿಮಗೆ ಗೊತ್ತಿರಬೇಕು. ಅವಳು ನಂಬಿದ್ಲಾ? ಇಲ್ಲಾ ನನ್ನ ಮರ್ಯಾದೆ ಉಳಿಸೋಕೆ ಅಷ್ಟು ವರ್ಷ ನಂಬಿದ ಹಾಗೆ ಇದ್ಲಾ?"

ನನಗೆ ಆಸೆಯಾಯಿತು. ಕಥೆಯಲ್ಲಿ ಹಿಂದಕ್ಕೆ ಹೋಗಿ ಅವಳ ಬಾಯಲ್ಲಿ ಒಂದೇ ಒಂದು ಮಾತು ಹೇಳಿಸಿದರೆ ಸಾಕಿತ್ತು. ಪುಟ ತಿರುಗಿಸಿದೆ.

"ಬೇಡ ಬಿಡಿ" ಅಂದ. "ಕಟ್ಟಿ ಹೇಳೋದು ನನಗೂ ಬರುತ್ತೆ. ನನಗೆ ಬೇಕಿರೋದು ಅವಳ ಉತ್ತರ."

ಮೇಜಿನ ಸುತ್ತ ಮೂವರೂ ಕೂತೇ ಇದ್ದೇವೆ. ನಿಮ್ಮನ್ನೂ ಸೇರಿಸಿದರೆ ನಾಲ್ವರು. ನಿಮಗೆ ಏನಾದರೂ ಹೊಳೆದಿದ್ದರೆ, ದಯವಿಟ್ಟು ಅವನಿಗೆ ಹೇಳಬೇಡಿ.